ಹಳೆಯ ಇವಿ ಕೊಟ್ಟು ಹೊಸದು ತರಬೇಕೇ? ಶೋರೂಮಿನ ಮೆಟ್ಟಿಲು ಹತ್ತುವ ಮುನ್ನ ಮಾಡಬೇಕಾದ ಲೆಕ್ಕ

ನನ್ನ ಮೊದಲ ಎಲೆಕ್ಟ್ರಿಕ್ ಕಾರನ್ನು ನಾಲ್ಕನೇ ವರ್ಷದಲ್ಲೇ ಕೊಟ್ಟುಬಿಟ್ಟೆ. ಮೂರು ವರ್ಷ ಗೊಣಗದೆ ಓಡಿದ ಕಾರು ಇದ್ದಕ್ಕಿದ್ದಂತೆ ಒಂದು ಚಾರ್ಜಿಗೆ ಇಪ್ಪತ್ತೈದು ಕಿಲೋಮೀಟರ್ ಕಡಿಮೆ ಓಡತೊಡಗಿತು. ಬ್ಯಾಟರಿ ಸೋತಿದೆ ಎಂದು ನಾನೇ ತೀರ್ಪು ಕೊಟ್ಟೆ. ಎಕ್ಸ್‌ಚೇಂಜಿನಲ್ಲಿ ಬಂದಷ್ಟು ಬರಲಿ ಎಂದು ಹೊಸದನ್ನು ಮನೆಗೆ ತಂದೆ. ಹಾಗೆ ಹೋದ ಕಾರು ಕೈ ಬದಲಾಗಿ ಕೊನೆಗೆ ಪರಿಚಿತರೊಬ್ಬರ ಮನೆ ಸೇರಿತು. ಆರು ತಿಂಗಳ ಮೇಲೆ ಸಿಕ್ಕಾಗ ಅವರು, ‘ಟೈರ್ ಬದಲಿಸಿದೆ ಅಷ್ಟೆ, ಈಗ ಚೆನ್ನಾಗಿ ಓಡುತ್ತಿದೆ’ ಎಂದರು. ಕಾರು ಕೊಡುವ ಕೆಲವೇ ತಿಂಗಳ ಹಿಂದೆ, ಅಗ್ಗಕ್ಕೆ ಸಿಕ್ಕವೆಂದು ನಾನು ನಾಲ್ಕೂ ಚಕ್ರಕ್ಕೆ ಬೇರೆ ಬಗೆಯ ಟೈರ್ ಹಾಕಿಸಿದ್ದೆ. ಟೈರಿನ ದೋಷಕ್ಕೆ ಇಡೀ ಕಾರನ್ನೇ ಬದಲಿಸಿದ ಜಾಣ ನಾನು.

ಆಗ ತಂದ ಕಾರಿಗೆ ಈಗ ಏಳನೇ ವರ್ಷ. ಈ ನಡುವೆ ಎರಡು ಬಾರಿ ಶೋರೂಮಿಗೆ ಹೋಗಿ, ಎರಡು ಬಾರಿಯೂ ಬರೀ ಕೈಯಲ್ಲಿ ಬಂದಿದ್ದೇನೆ. ಹಾಗೆ ಬರಲು ಸಾಧ್ಯವಾದದ್ದು ಹೋಗುವ ಮೊದಲೇ ಮಾಡಿಕೊಂಡಿದ್ದ ಲೆಕ್ಕದಿಂದ. ಅದನ್ನೇ ಇಲ್ಲಿ ಬಿಡಿಸಿಡುತ್ತಿದ್ದೇನೆ. ಇದೇ ಲೆಕ್ಕ ನಿಮ್ಮನ್ನು ಹೊಸ ಕಾರಿನ ಕಡೆಗೂ ಕರೆದೊಯ್ಯಬಹುದು. ಅದಕ್ಕೆ ನನ್ನ ತಕರಾರಿಲ್ಲ.

ಹೆಜ್ಜೆ 1: ಕಾರು ಕೈಕೊಟ್ಟ ದಿನಗಳನ್ನು ಎಣಿಸಿ

ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಹನ್ನೆರಡು ತಿಂಗಳಲ್ಲಿ ನಿಮ್ಮ ಕಾರಿನಿಂದ ಆಗದೆ ಹೋದ ಕೆಲಸಗಳನ್ನು ಮಾತ್ರ ಬರೆಯಿರಿ. ‘ರೇಂಜ್ ಸಾಲದು’ (ಒಂದು ಚಾರ್ಜಿಗೆ ಓಡುವ ದೂರ ಸಾಲದು) ಎಂದು ಬರೆದರೆ ಉಪಯೋಗವಿಲ್ಲ. ಯಾವ ದಿನ, ಎಷ್ಟು ದೂರ ಹೋಗಬೇಕಿತ್ತು, ಎಲ್ಲಿ ನಿಲ್ಲಬೇಕಾಯಿತು, ಎಷ್ಟು ಹೊತ್ತು ಕಾದಿರಿ ಎಂಬುದು ಬೇಕು. ನೆನಪಿನ ಮೇಲೆ ಪೂರ್ತಿ ಭರವಸೆ ಇಡಬೇಡಿ. ಒಂದು ರಾತ್ರಿ ಚಾರ್ಜರ್ ಕೆಟ್ಟು ಎರಡು ಗಂಟೆ ದಾರಿಯಲ್ಲಿ ಕುಳಿತದ್ದು, ಉಳಿದ ಮುನ್ನೂರು ದಿನಗಳ ಸಲೀಸು ಓಡಾಟವನ್ನು ಅಳಿಸಿ ಹಾಕಿಬಿಡುತ್ತದೆ. ಕಾರಿನ ಆ್ಯಪ್ ಮತ್ತು ಚಾರ್ಜಿಂಗ್ ಜಾಲಗಳ ಹಳೆಯ ಬಿಲ್ಲುಗಳನ್ನು ತೆರೆದು ನೋಡಿದರೆ ದಿನಾಂಕ, ಯೂನಿಟ್, ನಿಂತ ಹೊತ್ತು ಎಲ್ಲವೂ ಸಿಗುತ್ತವೆ.

ಪಟ್ಟಿ ಮುಗಿದ ಮೇಲೆ ಪ್ರತಿ ಸಾಲಿನ ಮುಂದೆ ತಪ್ಪು ಯಾರದು ಎಂದು ಬರೆಯಿರಿ. ಕಾರಿನದೇ, ದಾರಿಯದೇ, ನಿಮ್ಮದೇ? ಬ್ಯಾಟರಿ ಚಿಕ್ಕದು, ಚಾರ್ಜ್ ಆಗುವುದು ನಿಧಾನ, ಸಾಮಾನು ಹಿಡಿಸುವುದಿಲ್ಲ ಎಂಬುವು ಕಾರಿನ ತಪ್ಪುಗಳು. ಚಾರ್ಜರ್ ಕೆಟ್ಟಿತ್ತು, ಸರತಿಯಿತ್ತು, ಆ ಊರಿನಲ್ಲಿ ಚಾರ್ಜರೇ ಇರಲಿಲ್ಲ ಎಂಬುವು ದಾರಿಯ ತಪ್ಪುಗಳು. ಹಿಂದಿನ ರಾತ್ರಿ ಪ್ಲಗ್ ಹಾಕಲು ಮರೆತದ್ದು ಯಾರ ತಪ್ಪೆಂದು ಹೇಳಬೇಕಾಗಿಲ್ಲ. ನನ್ನ ಪಟ್ಟಿಯಲ್ಲಿ ಒಂಬತ್ತು ಸಾಲುಗಳಿದ್ದವು: ನಾಲ್ಕು ದಾರಿಯವು, ಮೂರು ನನ್ನವು, ಎರಡು ಕಾರಿನವು. ಹೊಸ ಕಾರಿನಿಂದ ಸರಿಹೋಗುವುದು ಆ ಎರಡೇ.

ದಾರಿಯ ತಪ್ಪನ್ನು ಕಾರಿನ ಮೇಲೆ ಹೊರಿಸುವುದು ತುಂಬ ಸುಲಭ. ನೀವು ಓಡಾಡುವ ದಾರಿಯ ಫಾಸ್ಟ್ ಚಾರ್ಜರ್‌ಗಳೆಲ್ಲ 50 ಅಥವಾ 60 ಕಿಲೋವ್ಯಾಟ್‌ನವೇ ಆಗಿದ್ದರೆ, 200 ಕಿಲೋವ್ಯಾಟ್ ಸ್ವೀಕರಿಸಬಲ್ಲ ಕಾರು ತಂದರೂ ಅಲ್ಲಿ ಸಿಗುವುದು 50 ಅಥವಾ 60 ಮಾತ್ರ. ದೊಡ್ಡ ಕೊಡ ತಂದ ಮಾತ್ರಕ್ಕೆ ನಲ್ಲಿಯ ನೀರು ರಭಸವಾಗಿ ಬರುವುದಿಲ್ಲ. ಆದ್ದರಿಂದ ಪಟ್ಟಿಯ ಜೊತೆಗೆ, ನೀವು ನಿಲ್ಲುವ ನಾಲ್ಕೈದು ಚಾರ್ಜರ್‌ಗಳ ಮೇಲೆ ಬರೆದಿರುವ ಕಿಲೋವ್ಯಾಟ್ ಅಂಕಿಯನ್ನೂ ಗುರುತು ಮಾಡಿಕೊಳ್ಳಿ. ಮುಂದೆ ಬೇಕಾಗುತ್ತದೆ.

ಹೆಜ್ಜೆ 2: ಬ್ಯಾಟರಿಯನ್ನು ದೂರುವ ಮೊದಲು ಸುತ್ತಮುತ್ತ ನೋಡಿ

ಪರದೆಯ ಮೇಲೆ ಕಾಣುವ ‘ಉಳಿದ ಕಿಲೋಮೀಟರ್’ ಅಳತೆಯಲ್ಲ, ಅಂದಾಜು. ಇತ್ತೀಚೆಗೆ ನೀವು ಹೇಗೆ ಓಡಿಸಿದಿರೋ ಅದನ್ನು ನೋಡಿ ಕಾರು ಮುಂದಿನದನ್ನು ಊಹಿಸುತ್ತದೆ. ಒಂದು ವಾರ ಹೆದ್ದಾರಿಯಲ್ಲಿ ವೇಗವಾಗಿ ಓಡಿಸಿದರೆ ಆ ಸಂಖ್ಯೆ ಕುಸಿಯುತ್ತದೆ, ಊರೊಳಗೆ ನಿಧಾನವಾಗಿ ಸುತ್ತಾಡಿದರೆ ಮತ್ತೆ ಏರುತ್ತದೆ. ಬ್ಯಾಟರಿ ಮಾತ್ರ ಇದ್ದ ಹಾಗೆಯೇ ಇರುತ್ತದೆ.

ಟೈರ್ ನನ್ನ ಗಾಯ, ಹಾಗಾಗಿ ಅದೇ ಮೊದಲು. ಇವಿಗಳ ಜೊತೆ ಕಾರ್ಖಾನೆಯಿಂದ ಬರುವ ಟೈರ್‌ಗಳು ಸಾಮಾನ್ಯವಾಗಿ ಉರುಳುವಾಗಿನ ಪ್ರತಿರೋಧ ಕಡಿಮೆಯಿರುವಂಥವು. ಅವು ಸವೆದ ಮೇಲೆ ಕಣ್ಣಿಗೆ ಬಿದ್ದದ್ದನ್ನು ಹಾಕಿಸಿದರೆ ಅದೇ ದಿನದಿಂದ ರೇಂಜ್ ಇಳಿಯಬಹುದು. ಹೊಸ ಟೈರ್ ಒಳ್ಳೆಯದೇ ಆಗಿದ್ದರೂ, ಪಳಗುವವರೆಗೆ ತುಸು ಹೆಚ್ಚು ವಿದ್ಯುತ್ ತಿನ್ನುತ್ತದೆ. ಗಾಳಿ ಕಡಿಮೆಯಿದ್ದರೆ, ಚಕ್ರಗಳ ಅಲೈನ್‌ಮೆಂಟ್ ತಪ್ಪಿದ್ದರೆ ಪರಿಣಾಮ ಅದೇ. ಹವಾಮಾನದ ಪಾಲೂ ಸಣ್ಣದಲ್ಲ. ಚಳಿಗೆ ಬ್ಯಾಟರಿ ಕೊಡುವ ಶಕ್ತಿಯೇ ಕಡಿಮೆಯಾಗುತ್ತದೆ, ಅದರ ಮೇಲೆ ಹೀಟರ್ ಬೇರೆ. ಹಿಮ ಬೀಳುವ ಕಡೆ ಚಳಿಗಾಲದ ರೇಂಜನ್ನು ಬೇಸಿಗೆಯ ರೇಂಜಿಗೆ ಹೋಲಿಸಿ ಕಾರು ಮುದಿಯಾಯಿತು ಎನ್ನುವವರು ಬಹಳ ಮಂದಿ.

ಇನ್ನೊಂದು ಕಳ್ಳನಿದ್ದಾನೆ: 12 ವೋಲ್ಟ್‌ನ ಚಿಕ್ಕ ಬ್ಯಾಟರಿ. ಇವಿಗಳಲ್ಲೂ ದೀಪ, ಬೀಗ, ಕಂಪ್ಯೂಟರ್ ಇತ್ಯಾದಿ ನಡೆಯುವುದು ಇದರಿಂದಲೇ. ಇದು ಸೊರಗಿದಾಗ ಕಾರು ಎಚ್ಚರವಾಗದೆ ಹೋಗಬಹುದು, ಪರದೆಯ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ಎಚ್ಚರಿಕೆಗಳು ಸಾಲುಗಟ್ಟಬಹುದು. ದೊಡ್ಡ ಬ್ಯಾಟರಿಯೇ ಹೋಯಿತೆಂದು ಮಾಲೀಕರು ಕಂಗಾಲಾಗುತ್ತಾರೆ. ನಾಲ್ಕೈದು ವರ್ಷವಾದ ಕಾರಿನಲ್ಲಿ ಮೊದಲು ಇದನ್ನು ಪರೀಕ್ಷಿಸಿ. ಬದಲಿಸಲು ತಗಲುವ ಹಣ ಕಾರಿನ ಬೆಲೆಯ ಮುಂದೆ ಚಿಲ್ಲರೆ.

ಹೆಜ್ಜೆ 3: ಬ್ಯಾಟರಿಯ ಆರೋಗ್ಯವನ್ನು ನೀವೇ ಅಳೆಯಿರಿ

ಇದಕ್ಕೆ ಒಂದು ರಜಾದಿನ ಮೀಸಲಿಡಿ. ವಿಪರೀತ ಚಳಿಯೂ ಬಿಸಿಲೂ ಇಲ್ಲದ ದಿನವಾಗಿರಲಿ. ಹಿಂದಿನ ರಾತ್ರಿ ಶೇ 100ರವರೆಗೆ ಚಾರ್ಜ್ ಮಾಡಿ, ಬೆಳಿಗ್ಗೆ ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಮಧ್ಯೆ ಹೆಚ್ಚು ಹೊತ್ತು ನಿಲ್ಲಿಸದೆ ಶೇ 20ರ ಹತ್ತಿರ ಬರುವವರೆಗೆ ಓಡಿಸಿ. ನಿಂತಾಗ ಖರ್ಚಾಗುವ ವಿದ್ಯುತ್ತನ್ನು ಕೆಲವು ಕಾರುಗಳು ಟ್ರಿಪ್ ಲೆಕ್ಕಕ್ಕೆ ಸೇರಿಸುವುದಿಲ್ಲ, ಅದಕ್ಕಾಗಿ ಈ ಎಚ್ಚರ. ಕೊನೆಯಲ್ಲಿ ಓಡಿದ ದೂರ, 100 ಕಿ.ಮೀ.ಗೆ ಖರ್ಚಾದ ಯೂನಿಟ್ ಮತ್ತು ಉಳಿದ ಶೇಕಡಾವಾರು, ಈ ಮೂರನ್ನು ಬರೆದುಕೊಳ್ಳಿ. ಇಲ್ಲಿ ಯೂನಿಟ್ ಎಂದರೆ ವಿದ್ಯುತ್ ಬಿಲ್ಲಿನ ಯೂನಿಟ್ಟೇ, ಒಂದು ಕಿಲೋವ್ಯಾಟ್ ಅವರ್.

ಒಂದು ಉದಾಹರಣೆ. 240 ಕಿ.ಮೀ. ಓಡಿದಿರಿ, 100 ಕಿ.ಮೀ.ಗೆ 15.5 ಯೂನಿಟ್ ಖರ್ಚಾಯಿತು, ಬ್ಯಾಟರಿ 100ರಿಂದ 20ಕ್ಕೆ ಇಳಿಯಿತು ಎಂದುಕೊಳ್ಳಿ. ಒಟ್ಟು ಖರ್ಚು 37.2 ಯೂನಿಟ್. ಇದು ಶೇ 80ರ ಪಾಲು. ಹಾಗಾದರೆ ಪೂರ್ತಿ ಬ್ಯಾಟರಿಯಲ್ಲಿ ಈಗ ಹಿಡಿಸುವುದು 46.5 ಯೂನಿಟ್. ಹೊಸದಿದ್ದಾಗ ಬಳಕೆಗೆ ಸಿಗುತ್ತಿದ್ದದ್ದು 52 ಯೂನಿಟ್ ಆಗಿದ್ದರೆ, ಆರೋಗ್ಯ ಸುಮಾರು ಶೇ 89. ಒಂದು ಎಚ್ಚರಿಕೆ: ಕಂಪನಿ ದೊಡ್ಡಕ್ಷರದಲ್ಲಿ ಮುದ್ರಿಸುವುದು ಬಹಳ ಸಲ ಬ್ಯಾಟರಿಯ ಒಟ್ಟು ಸಾಮರ್ಥ್ಯವನ್ನು. ಬಳಕೆಗೆ ಸಿಗುವುದು ಅದಕ್ಕಿಂತ ಕಡಿಮೆ, ಏಕೆಂದರೆ ಮೇಲೂ ಕೆಳಗೂ ಸ್ವಲ್ಪ ಭಾಗವನ್ನು ಕಾರು ತನ್ನ ರಕ್ಷಣೆಗೆ ಇಟ್ಟುಕೊಳ್ಳುತ್ತದೆ. ಒಟ್ಟು ಸಾಮರ್ಥ್ಯಕ್ಕೆ ಹೋಲಿಸಿದರೆ ಇಲ್ಲದ ಸವೆತ ಕಾಣಿಸುತ್ತದೆ. ಇದೇ ಪರೀಕ್ಷೆಯನ್ನು ಇನ್ನೊಂದು ದಿನ ಮಾಡಿ ಎರಡರ ಸರಾಸರಿ ಹಿಡಿಯಿರಿ.

ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ಪರೀಕ್ಷೆಗೆ ಮೊದಲು ಎರಡು ಮೂರು ಬಾರಿ ಪೂರ್ತಿ ಚಾರ್ಜ್ ಮಾಡಿ. ಈ ಬಗೆಯ ಬ್ಯಾಟರಿಯಲ್ಲಿ ಚಾರ್ಜ್ ಇಳಿದರೂ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ, ಎಷ್ಟು ಉಳಿದಿದೆ ಎಂದು ಕಾರಿಗೇ ಸರಿಯಾಗಿ ತಿಳಿಯುವುದಿಲ್ಲ. ಆಗೊಮ್ಮೆ ಈಗೊಮ್ಮೆ ತುದಿ ಮುಟ್ಟಿಸಿದರೆ ಲೆಕ್ಕ ಸರಿಹೋಗುತ್ತದೆ. ಅಳೆಯುವ ತಾಪತ್ರಯವೇ ಬೇಡವೆನ್ನುವವರು ಒಬಿಡಿ ಕಿಂಡಿಗೆ (ಕಾರಿನ ದೋಷ ಓದಲು ಮೆಕ್ಯಾನಿಕ್ ಬಳಸುವ ಕಿಂಡಿ) ಸಿಕ್ಕಿಸುವ ಪುಟ್ಟ ಸಾಧನದಿಂದ ಹಲವು ಮಾದರಿಗಳಲ್ಲಿ ಈ ಅಂಕಿಯನ್ನು ಮೊಬೈಲಿನಲ್ಲೇ ಓದಬಹುದು, ಇಲ್ಲವೇ ಸರ್ವಿಸ್ ಸೆಂಟರಿನಿಂದ ಲಿಖಿತ ವರದಿ ಕೇಳಬಹುದು. ನಾನು ಎರಡನ್ನೂ ಮಾಡುತ್ತೇನೆ. ಒಮ್ಮೆ ಮೋಸಹೋದವನ ಅಭ್ಯಾಸ.

ಬಂದ ಅಂಕಿಯನ್ನು ಓದುವುದು ಹೇಗೆ? ಲಿಥಿಯಂ ಅಯಾನ್ ಬ್ಯಾಟರಿ ಮೊದಲ ಒಂದೆರಡು ವರ್ಷ ಸ್ವಲ್ಪ ಬೇಗ ಸವೆದು, ನಂತರ ನಿಧಾನವಾಗುವುದು ಸಾಮಾನ್ಯ. ಎರಡನೇ ವರ್ಷಕ್ಕೆ ಶೇ 6 ಹೋಯಿತು, ಇದೇ ಗತಿಯಲ್ಲಿ ಹತ್ತನೇ ವರ್ಷಕ್ಕೆ ಶೇ 30 ಹೋಗುತ್ತದೆ ಎಂಬ ಗೆರೆ ಎಳೆಯಬೇಡಿ. ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆ 2022ರಲ್ಲಿ ಒಪ್ಪಿದ ಜಾಗತಿಕ ತಾಂತ್ರಿಕ ನಿಯಮ 22ರ ಪ್ರಕಾರ, ಐದು ವರ್ಷ ಅಥವಾ 1 ಲಕ್ಷ ಕಿ.ಮೀ.ವರೆಗೆ ಬ್ಯಾಟರಿಯಲ್ಲಿ ಶೇ 80, ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ.ವರೆಗೆ ಶೇ 70 ಶಕ್ತಿ ಉಳಿಯಬೇಕು. ಬಹುತೇಕ ಕಂಪನಿಗಳ ಬ್ಯಾಟರಿ ವಾರಂಟಿಯೂ ಈ ಎರಡನೆಯ ಗಡಿಯ ಆಸುಪಾಸಿನಲ್ಲೇ ಇರುತ್ತದೆ. ಇದು ಕನಿಷ್ಠ ಮಟ್ಟ ಎಂಬುದು ನೆನಪಿರಲಿ. ಶೇ 70ಕ್ಕೆ ಇಳಿದ ಬ್ಯಾಟರಿಯೂ ಸತ್ತಿರುವುದಿಲ್ಲ. ಮೊದಲು 400 ಕಿ.ಮೀ. ಓಡುತ್ತಿದ್ದ ಕಾರು 280 ಓಡುತ್ತದೆ. ದಿನಕ್ಕೆ 60 ಕಿ.ಮೀ. ಓಡಾಡುವವರಿಗೆ ಅದೂ ನಾಲ್ಕು ದಿನಕ್ಕಾಯಿತು.

ಎಲ್ಲ ಕಾರಿಗೂ ಈ ಸಮಾಧಾನ ಹೊಂದುವುದಿಲ್ಲ. 2010ರ ಕೊನೆಗೆ ಮಾರುಕಟ್ಟೆಗೆ ಬಂದ ನಿಸಾನ್ ಲೀಫ್‌ನಲ್ಲಿ ಬ್ಯಾಟರಿಯನ್ನು ತಂಪಿಡುವ ದ್ರವದ ವ್ಯವಸ್ಥೆ ಇರಲಿಲ್ಲ. ಬಿಸಿಲು ಪ್ರದೇಶಗಳ ಮಾಲೀಕರು 2012ರ ಹೊತ್ತಿಗೇ ಪರದೆಯ ಹನ್ನೆರಡು ಗೆರೆಗಳಲ್ಲಿ ಒಂದೊಂದೇ ಮಾಯವಾಗುತ್ತಿದೆ ಎಂದು ದೂರತೊಡಗಿದರು. ಲಿಥಿಯಂ ಬ್ಯಾಟರಿಗೆ ಶಾಖವೇ ದೊಡ್ಡ ಶತ್ರು. ಪೂರ್ತಿ ಚಾರ್ಜ್ ಮಾಡಿ ಬಿಸಿಲಲ್ಲಿ ದಿನಗಟ್ಟಲೆ ನಿಲ್ಲಿಸುವುದು ಅದಕ್ಕೆ ಇನ್ನೂ ಕಷ್ಟ. ನಿಮ್ಮ ಕಾರಿನಲ್ಲಿ ದ್ರವದ ತಂಪು ಇಲ್ಲದಿದ್ದು ವಾಸ ಬಿಸಿಲಿನ ಊರಿನಲ್ಲಾಗಿದ್ದರೆ, ಬದಲಿಸುವ ಯೋಚನೆಗೆ ಸ್ವಲ್ಪ ಹೆಚ್ಚು ತೂಕ ಕೊಡಿ.

ಅಳತೆ ಶೇ 70ರ ಹತ್ತಿರ ಬಂದು, ವಾರಂಟಿ ಮುಗಿಯಲು ಕೆಲವೇ ತಿಂಗಳು ಉಳಿದಿದ್ದರೆ ಎಕ್ಸ್‌ಚೇಂಜಿನ ಮಾತನ್ನು ನಿಲ್ಲಿಸಿ, ಮೊದಲು ವಾರಂಟಿಯ ಅರ್ಜಿ ಹಾಕಿ. ಬ್ಯಾಟರಿಯನ್ನು ಸರಿಪಡಿಸಿಕೊಟ್ಟರೆ ನಿಮ್ಮ ಕೈಯಲ್ಲಿರುವ ಕಾರಿನ ಲೆಕ್ಕವೇ ಬೇರೆಯಾಗುತ್ತದೆ. ಷೆವ್ರೊಲೆ ಬೋಲ್ಟ್ ಕಾರಿನ ಬ್ಯಾಟರಿಗೆ ಬೆಂಕಿಯ ಅಪಾಯವಿದೆಯೆಂದು 2021ರಲ್ಲಿ ಜನರಲ್ ಮೋಟಾರ್ಸ್ ಎಲ್ಲ ಬೋಲ್ಟ್‌ಗಳನ್ನೂ ವಾಪಸು ಕರೆದಾಗ, ಹೊಸ ಬ್ಯಾಟರಿ ಪಡೆದವರಿಗೆ ಅದರ ಮೇಲೆ ಹೊಸದಾಗಿ ಎಂಟು ವರ್ಷದ ವಾರಂಟಿಯೂ ಸಿಕ್ಕಿತು. ಆತುರಪಟ್ಟು ಮೊದಲೇ ಮಾರಿದವರು ಕೈ ಹಿಸುಕಿಕೊಂಡಿರಬೇಕು. ನಿಮ್ಮ ಕಾರಿನ ಸಂಖ್ಯೆಗೆ ಇಂಥ ಯಾವುದಾದರೂ ಕರೆ ಬಾಕಿ ಇದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡಲು ಐದು ನಿಮಿಷ ಸಾಕು.

ಹೆಜ್ಜೆ 4: ಹೊಸ ಮಾದರಿಯಲ್ಲಿ ಹೊಸತೇನು?

ಶೋರೂಮಿನಲ್ಲಿ ಮೊದಲು ತೋರಿಸುವುದು ಪರದೆ, ಆಮೇಲೆ ಬಣ್ಣ ಬದಲಿಸುವ ದೀಪ. ಎರಡೂ ಮೂರನೇ ತಿಂಗಳಿಗೆ ಕಣ್ಣಿಗೆ ಬೀಳುವುದಿಲ್ಲ. ಅವನ್ನು ಬಿಟ್ಟು ನಾಲ್ಕು ವಿಷಯಗಳನ್ನು ಕೇಳಿ.

ರೇಂಜ್ ಅಂಕಿ ಯಾವ ಪರೀಕ್ಷೆಯದು? ಇದನ್ನು ಕೇಳದೆ ಹಳೆಯ ಕಾರನ್ನೂ ಹೊಸ ಕಾರನ್ನೂ ಹೋಲಿಸುವುದು ಸೇರಿಗೂ ಗಜಕ್ಕೂ ಹೋಲಿಕೆ ಮಾಡಿದಂತೆ. 30 ಯೂನಿಟ್ ಬ್ಯಾಟರಿಯ ಲೀಫ್‌ಗೆ ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆ 250 ಕಿ.ಮೀ. ಕೊಟ್ಟಿತು, ಅದೇ ಕಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೊಟ್ಟದ್ದು 107 ಮೈಲಿ, ಅಂದರೆ ಸುಮಾರು 172 ಕಿ.ಮೀ. ಕಾರು ಒಂದೇ, ಅಂತರ 78 ಕಿ.ಮೀ. ಈಗಿನ ಡಬ್ಲ್ಯೂಎಲ್‌ಟಿಪಿ ಅಂಕಿ ಎನ್‌ಇಡಿಸಿಗಿಂತ ವಾಸ್ತವಕ್ಕೆ ಹತ್ತಿರ, ಇಪಿಎ ಇನ್ನೂ ಬಿಗಿ, ಚೀನಾದ ಸಿಎಲ್‌ಟಿಸಿ ತುಂಬ ಧಾರಾಳ. ಎರಡೂ ಕಾರಿಗೆ ಒಂದೇ ಪರೀಕ್ಷೆಯ ಅಂಕಿ ಸಿಗದಿದ್ದರೆ, ಬಳಕೆಗೆ ಸಿಗುವ ಯೂನಿಟ್ ಮತ್ತು ಹೆದ್ದಾರಿಯಲ್ಲಿ 100 ಕಿ.ಮೀ.ಗೆ ಆಗುವ ಖರ್ಚನ್ನು ಇಟ್ಟುಕೊಂಡು ನೀವೇ ಭಾಗಿಸಿ.

ಎರಡನೆಯದು ಚಾರ್ಜಿಂಗ್ ವೇಗ. ‘ಗರಿಷ್ಠ 150 ಕಿಲೋವ್ಯಾಟ್’ ಎಂಬುದು ಕೆಲವೇ ನಿಮಿಷಗಳ ವೈಭವ. ನೀವು ಕೇಳಬೇಕಾದದ್ದು ಶೇ 10ರಿಂದ 80ಕ್ಕೆ ಎಷ್ಟು ನಿಮಿಷ ಎಂದು. 60 ಯೂನಿಟ್ ಬ್ಯಾಟರಿಯಲ್ಲಿ ಆ ಶೇ 70 ಎಂದರೆ 42 ಯೂನಿಟ್. ಅರ್ಧ ಗಂಟೆ ಹಿಡಿದರೆ ಸರಾಸರಿ 84 ಕಿಲೋವ್ಯಾಟ್. ಜಾಹೀರಾತಿನ 150ಕ್ಕೂ ಇದಕ್ಕೂ ಎಷ್ಟು ದೂರ ನೋಡಿ. 800 ವೋಲ್ಟ್ ವ್ಯವಸ್ಥೆಯ ಕಾರುಗಳು ಈ ವಿಷಯದಲ್ಲಿ ದೊಡ್ಡ ಹೆಜ್ಜೆ ಇಟ್ಟಿರುವುದು ನಿಜ. 2021ರಲ್ಲಿ ಬಂದ ಹ್ಯುಂಡೈ ಅಯಾನಿಕ್ 5 ತಕ್ಕ ಚಾರ್ಜರ್ ಸಿಕ್ಕರೆ ಶೇ 10ರಿಂದ 80ಕ್ಕೆ 18 ನಿಮಿಷ ಸಾಕೆನ್ನುತ್ತದೆ. ತಕ್ಕ ಚಾರ್ಜರ್ ಎಂದರೆ 350 ಕಿಲೋವ್ಯಾಟ್‌ನದು. ಮೊದಲ ಹೆಜ್ಜೆಯಲ್ಲಿ ಗುರುತು ಮಾಡಿದ ಅಂಕಿಗಳನ್ನು ಈಗ ಹೊರತೆಗೆಯಿರಿ.

ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖವನ್ನು ಒಳಗೆ ಎಳೆದು ತರುವ ಸಾಧನ) ಇದೆಯೇ, ಚಾರ್ಜರ್ ತಲುಪುವ ಮೊದಲೇ ಬ್ಯಾಟರಿಯನ್ನು ಹದವಾದ ಶಾಖಕ್ಕೆ ತರುವ ವ್ಯವಸ್ಥೆ ಇದೆಯೇ ಎಂಬುದು ಮೂರನೆಯದು. ಚಳಿಯ ನಾಡಿನವರಿಗೆ ಇದು ಪರದೆಗಿಂತ ನೂರು ಪಾಲು ಮುಖ್ಯ. ಸಾಮಾನ್ಯ ಹೀಟರ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖ ಕೊಟ್ಟರೆ, ಹೀಟ್ ಪಂಪ್ ಹಿತವಾದ ಚಳಿಯಲ್ಲಿ ಎರಡು ಮೂರು ಯೂನಿಟ್ ಕೊಡಬಲ್ಲದು. ಸದಾ ಸೆಕೆಯಿರುವ ಕಡೆ ಇದನ್ನು ತೋರಿಸಿ ಹಣ ಕೇಳಿದರೆ ನಕ್ಕು ಮುಂದೆ ಹೋಗಿ.

ನಾಲ್ಕನೆಯದು ಚಾರ್ಜಿಂಗ್ ಕಿಂಡಿ. ಹಲವು ಹಳೆಯ ಕಾರುಗಳಲ್ಲಿರುವ ಚಾಡೆಮೊ ಎಂಬ ಜಪಾನಿ ಮಾದರಿಯ ಕಿಂಡಿಗೆ ಹೊಂದುವ ಚಾರ್ಜರ್‌ಗಳು ಜಪಾನಿನ ಹೊರಗೆ ಮೂಲೆ ಸೇರುತ್ತಿವೆ. ಲೀಫ್‌ನಲ್ಲಿ ಅದನ್ನೇ ಇಟ್ಟಿದ್ದ ನಿಸಾನ್ ಕೂಡ ಯುರೋಪು ಮತ್ತು ಉತ್ತರ ಅಮೆರಿಕದ ಅರಿಯಾ ಕಾರಿಗೆ ಸಿಸಿಎಸ್ ಎಂಬ ಬೇರೆ ಮಾದರಿಯ ಕಿಂಡಿ ಕೊಟ್ಟಿತು. ಉತ್ತರ ಅಮೆರಿಕದಲ್ಲಿ 2023ರ ಮೇ ತಿಂಗಳಲ್ಲಿ ಫೋರ್ಡ್ ಟೆಸ್ಲಾದ ಕಿಂಡಿಗೆ ಒಪ್ಪಿದ ಮೇಲೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಆದರೆ ಅಲ್ಲಿನ ಸಿಸಿಎಸ್ ಕಾರುಗಳಿಗೆ ಅಡಾಪ್ಟರ್ ಸಾಕು. ಒಂದು ಅಡಾಪ್ಟರಿಗಾಗಿ ಕಾರು ಬದಲಿಸುವುದು ನನ್ನ ಟೈರಿನ ಕಥೆಯ ಅಣ್ಣನಂತೆ.

ಸುರಕ್ಷತೆಯ ಸಾಧನಗಳು, ಕಾರಿನಿಂದಲೇ ಮನೆಯ ಉಪಕರಣ ನಡೆಸುವ ಸೌಲಭ್ಯ ಇವೂ ಬೇಕೆನಿಸಬಹುದು. ಅವುಗಳ ಬೆಲೆಯನ್ನು ನೀವೇ ಕಟ್ಟಿಕೊಳ್ಳಿ, ಮಾರುವವರಿಗೆ ಬಿಡಬೇಡಿ.

ಹೆಜ್ಜೆ 5: ಆ ಎರಡು ದಿನಗಳನ್ನು ಹೊಸ ಕಾರಿನಲ್ಲಿ ಕಳೆಯಿರಿ

ಹದಿನೈದು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಎಲ್ಲ ಕಾರೂ ಚೆನ್ನ. ಸಾಧ್ಯವಾದರೆ ಅದೇ ಮಾದರಿಯನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ. ನಿಮ್ಮ ಪಟ್ಟಿಯಲ್ಲಿ ಹಳೆಯ ಕಾರು ಸೋತ ದಾರಿಯಲ್ಲೇ, ಮನೆಮಂದಿಯನ್ನೂ ಸಾಮಾನನ್ನೂ ತುಂಬಿಕೊಂಡು ಓಡಿಸಿ. ಅದೇ ಚಾರ್ಜರಿನಲ್ಲಿ ನಿಲ್ಲಿ. ನಾನು ಹೀಗೆ ಮಾಡಿದಾಗ ಉಳಿದ ಸಮಯ ಇಡೀ ಪ್ರಯಾಣಕ್ಕೆ ಹನ್ನೊಂದು ನಿಮಿಷ. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಕಾಲು ಚಾಚಲು ಮೊದಲಿಗಿಂತ ಕಡಿಮೆ ಜಾಗವಿತ್ತು ಎಂಬುದೂ ಆಗಲೇ ತಿಳಿದದ್ದು.

ಹೆಜ್ಜೆ 6: ಹಣದ ಲೆಕ್ಕ

ಇಲ್ಲಿ ಯಾವ ದೇಶದ ನಾಣ್ಯವೂ ಬೇಡ. ತೆರಿಗೆ, ನೋಂದಣಿ ಸೇರಿ ಹೊಸ ಕಾರಿನ ಬೆಲೆ 100 ಎಂದಿಟ್ಟುಕೊಳ್ಳಿ. ಹಳೆಯದಕ್ಕೆ 35 ಕೊಡುತ್ತಾರೆ ಎನ್ನಿ. ಕೈಯಿಂದ ಹೋಗುವುದು 65. ಬಹಳ ಮಂದಿಯ ಲೆಕ್ಕ ಇಲ್ಲಿಗೇ ನಿಂತು, ‘65ನ್ನು ಕಂತಿಗೆ ಹಂಚಿದರೆ ತಿಂಗಳಿಗೆ ಇಷ್ಟೇ ತಾನೆ’ ಎಂಬಲ್ಲಿಗೆ ಮುಗಿಯುತ್ತದೆ. ಕಂತು ಎಂಬುದು ಬೆಲೆಯನ್ನು ಬಚ್ಚಿಡುವ ಜಾಗ.

ಮೂರು ವರ್ಷ ಮುಂದೆ ನೋಡಿ. ಹಳೆಯ ಕಾರು 35ರಿಂದ 20ಕ್ಕೆ ಇಳಿದರೆ ಸವಕಳಿ 15. ಅದರ ಟೈರ್, 12 ವೋಲ್ಟ್ ಬ್ಯಾಟರಿ, ಸಸ್ಪೆನ್ಷನ್ ದುರಸ್ತಿಗೆಂದು 6 ಎತ್ತಿಡಿ. ಒಟ್ಟು 21. ಹೊಸ ಕಾರು 100ರಿಂದ 55ಕ್ಕೆ ಇಳಿದರೆ ಸವಕಳಿ 45. ಸಾಲದ ಬಡ್ಡಿ, ಅಥವಾ ಸ್ವಂತ ಹಣವಾದರೆ ಬ್ಯಾಂಕಿನಲ್ಲಿ ಬರಬಹುದಾಗಿದ್ದ ಬಡ್ಡಿ, ಸುಮಾರು 12. ವಿಮೆಯ ಹೆಚ್ಚಳ 3. ಒಟ್ಟು 60. ವ್ಯತ್ಯಾಸ 39, ಅಂದರೆ ವರ್ಷಕ್ಕೆ 13. ಇವು ನಾನು ಊಹಿಸಿಕೊಂಡ ಅಂಕಿಗಳು. ನಿಮ್ಮ ಊರಿನ ಮಾರುಕಟ್ಟೆ ನೋಡಿ ನಿಮ್ಮವನ್ನು ತುಂಬಿ. ಈಗ ಆ 13ನ್ನು ಮೊದಲ ಹೆಜ್ಜೆಯಲ್ಲಿ ‘ಕಾರಿನ ತಪ್ಪು’ ಎಂದು ಬರೆದ ದಿನಗಳಿಂದ ಭಾಗಿಸಿ. ನನ್ನ ಎರಡು ದಿನಗಳಿಗೆ ತಲಾ ಆರೂವರೆ ಬಂತು. ಹೊಸ ಕಾರಿನ ಬೆಲೆಯ ಶೇ 6.5ರಷ್ಟನ್ನು ಒಂದು ದಿನದ ಅನುಕೂಲಕ್ಕೆ ಕೊಡುವುದಕ್ಕಿಂತ, ಆ ಎರಡು ದಿನ ದೊಡ್ಡ ಕಾರನ್ನು ಬಾಡಿಗೆಗೆ ತರುವುದು ಎಷ್ಟೋ ಅಗ್ಗ. ನಿಮ್ಮ ಪಟ್ಟಿಯಲ್ಲಿ ಅಂಥ ದಿನಗಳು ಅರವತ್ತಿದ್ದರೆ ಉತ್ತರ ತಿರುಗಿ ನಿಲ್ಲುತ್ತದೆ, ಆಗ ಹಿಂಜರಿಯಬೇಡಿ.

ವಿದ್ಯುತ್ ಉಳಿತಾಯದ ಮಾತನ್ನೂ ಮಾರುವವರು ಎತ್ತುತ್ತಾರೆ. ಪೆಟ್ರೋಲಿನಿಂದ ವಿದ್ಯುತ್ತಿಗೆ ಬರುವವರಿಗೆ ಅದು ದೊಡ್ಡ ಮೊತ್ತ. ಇವಿಯಿಂದ ಇವಿಗೆ ಹೋಗುವವರಿಗೆ ಅಲ್ಲ. 100 ಕಿ.ಮೀ.ಗೆ 18 ಯೂನಿಟ್ ತಿನ್ನುವ ಕಾರಿನಿಂದ 15 ತಿನ್ನುವ ಕಾರಿಗೆ ಬಂದರೆ, ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಉಳಿಯುವುದು 360 ಯೂನಿಟ್. ನಿಮ್ಮ ವಿದ್ಯುತ್ ದರದಿಂದ ಗುಣಿಸಿ ನೋಡಿ.

ಮತ್ತೊಂದು ಮಾತು: ‘ಹಳೆಯ ಇವಿಗಳ ಬೆಲೆ ದಿನದಿಂದ ದಿನಕ್ಕೆ ಕುಸಿಯುತ್ತಿದೆ, ಈಗಲೇ ಕೊಟ್ಟುಬಿಡಿ.’ ಕುಸಿಯುತ್ತಿರುವುದು ಸುಳ್ಳಲ್ಲ. 2010ರಿಂದ 2024ರ ನಡುವೆ ಬ್ಯಾಟರಿಯ ಬೆಲೆ ಹತ್ತನೇ ಒಂದು ಭಾಗಕ್ಕಿಂತಲೂ ಕೆಳಗಿಳಿದಿದೆ. 2023ರ ಜನವರಿಯಲ್ಲಿ ಟೆಸ್ಲಾ ಹಲವು ದೇಶಗಳಲ್ಲಿ ಹೊಸ ಕಾರುಗಳ ಬೆಲೆಯನ್ನು ಒಮ್ಮೆಲೇ ಇಳಿಸಿದಾಗ ಹಳೆಯವುಗಳ ಬೆಲೆಯೂ ಜೊತೆಗೇ ಜಾರಿತು. ಆದರೆ ಹೊಸದರ ಬೆಲೆಯೂ ಇಳಿಯುವುದರಿಂದಲೇ ಹಳೆಯದರ ಬೆಲೆ ಇಳಿಯುತ್ತಿದ್ದರೆ ನಿಮಗೆ ನಷ್ಟವೆಲ್ಲಿ? 100 ಇದ್ದದ್ದು 90 ಆಗಿ, 35 ಇದ್ದದ್ದು 31.5 ಆದರೆ, ಕೈಯಿಂದ ಹಾಕಬೇಕಾದದ್ದು 65ರ ಬದಲು 58.5. ಕಾದವರಿಗೆ ಆರೂವರೆ ಉಳಿಯಿತು. ನೋಡಬೇಕಾದದ್ದು ಹಳೆಯ ಕಾರಿನ ಬೆಲೆಯನ್ನಲ್ಲ, ಎರಡರ ನಡುವಿನ ಅಂತರವನ್ನು.

ಇದಕ್ಕೆ ಒಂದು ಅಪವಾದವಿದೆ. ಬ್ಯಾಟರಿ ವಾರಂಟಿ ಮುಗಿದ ಕಾರನ್ನು ಕೊಳ್ಳಲು ಜನ ಹೆದರುತ್ತಾರೆ, ಬ್ಯಾಟರಿ ಎಷ್ಟೇ ಗಟ್ಟಿಯಾಗಿದ್ದರೂ. ಹೇಗಿದ್ದರೂ ಎರಡು ವರ್ಷದೊಳಗೆ ಮಾರುವವರೇ ಆದರೆ, ವಾರಂಟಿ ಒಂದು ವರ್ಷವಾದರೂ ಉಳಿದಿರುವಾಗ ಮಾರಿ. ಹತ್ತು ಹನ್ನೆರಡು ವರ್ಷ ಓಡಿಸುವವರು ಈ ಚಿಂತೆ ಬಿಡಬಹುದು.

ಸಾಲ ತೀರಿಲ್ಲದಿದ್ದರೆ ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರ ಪಡೆಯಿರಿ. ಬಾಕಿ 40 ಇದ್ದು ಕಾರಿಗೆ ಸಿಗುವುದು 35 ಆದರೆ, ಆ ಐದನ್ನು ಹೊಸ ಸಾಲಕ್ಕೆ ಸೇರಿಸಿಕೊಡುತ್ತೇವೆ ಎನ್ನುತ್ತಾರೆ. ಮಾರಿಹೋದ ಕಾರಿಗೆ ಬಡ್ಡಿ ಕಟ್ಟುವ ವ್ಯವಹಾರ ಅದು. ಸಾಲ ಕಾರಿನ ಬೆಲೆಗಿಂತ ಕೆಳಗಿಳಿಯುವವರೆಗೆ ಕಾಯಿರಿ.

ಹೆಜ್ಜೆ 7: ಬದಲಿಸಲೇಬೇಕಾದ ಸಂದರ್ಭಗಳು

ಕೆಲವು ಇವೆ, ಅಲ್ಲಿ ಮೀನಮೇಷ ಎಣಿಸಬಾರದು. ದಿನನಿತ್ಯದ ಓಡಾಟವೇ ಬದಲಾಗಿ, ವಾರಕ್ಕೆ ಮೂರು ನಾಲ್ಕು ದಿನ ಕಾರಿನ ಮಿತಿಯನ್ನು ದಾಟಬೇಕಾಗಿದ್ದರೆ. ಮನೆ ಬದಲಾಗಿ ಮನೆಯ ಚಾರ್ಜರ್ ಕೈತಪ್ಪಿದ್ದರೆ. ಆಗ ನಿಧಾನವಾಗಿ ಚಾರ್ಜ್ ಆಗುವ ಕಾರು ನಿಜಕ್ಕೂ ಹಿಂಸೆ. ನಿಮ್ಮ ಕಿಂಡಿಗೆ ಹೊಂದುವ ಚಾರ್ಜರ್‌ಗಳು ದಾರಿಯಲ್ಲಿ ಕಾಣೆಯಾಗಿದ್ದು ಅಡಾಪ್ಟರೂ ಸಿಗದಿದ್ದರೆ. ವಾರಂಟಿ ಮುಗಿದ ಮೇಲೆ ಬ್ಯಾಟರಿ ಕೆಟ್ಟು, ದುರಸ್ತಿಯ ಅಂದಾಜು ಕಾರಿನ ಬೆಲೆಯ ಅರ್ಧ ದಾಟಿದ್ದರೆ. ಈ ಕೊನೆಯದರಲ್ಲೂ ಇನ್ನೊಂದು ಕಡೆ ಕೇಳಿ. ಇಡೀ ಬ್ಯಾಟರಿಯನ್ನು ಬದಲಿಸಬೇಕು ಎಂದ ಕಡೆಯೇ ಅದರೊಳಗಿನ ಒಂದು ಮಾಡ್ಯೂಲ್ (ಸೆಲ್ಲುಗಳ ಒಂದು ಗುಂಪು) ಮಾತ್ರ ಹಾಳಾಗಿರುವುದುಂಟು, ಅದನ್ನಷ್ಟೇ ಬದಲಿಸಬಲ್ಲ ಕಾರ್ಯಾಗಾರಗಳೂ ಹೆಚ್ಚುತ್ತಿವೆ.

‘ಘನ ಸ್ಥಿತಿಯ ಬ್ಯಾಟರಿ ಬರಲಿ, ಆಮೇಲೆ ನೋಡೋಣ’ ಎಂಬುದು ಮಾತ್ರ ಕಾಯಲು ಕಾರಣವಲ್ಲ. ಅದು ಬರುತ್ತದೆಂದು ಹೇಳತೊಡಗಿ ವರ್ಷಗಳೇ ಕಳೆದಿವೆ. ಬಂದರೂ ಮೊದಲು ದುಬಾರಿ ಕಾರುಗಳಿಗೇ.

ಹೊಸದು ಮತ್ತು ಹಳೆಯದು ಎಂಬ ಎರಡೇ ದಾರಿ ಇರುವಂತೆ ಮಾತಾಡುತ್ತಾ ಬಂದೆ. ಮೂರನೆಯದೂ ಒಂದಿದೆ: ಎರಡು ಮೂರು ವರ್ಷ ಓಡಿದ ಹೊಸ ಪೀಳಿಗೆಯ ಕಾರು. ಸವಕಳಿಯ ದೊಡ್ಡ ಪಾಲನ್ನು ಮೊದಲ ಮಾಲೀಕರು ನುಂಗಿರುತ್ತಾರೆ, ಬ್ಯಾಟರಿ ವಾರಂಟಿ ಐದಾರು ವರ್ಷ ಉಳಿದಿರುತ್ತದೆ. ವಾರಂಟಿ ಎರಡನೇ ಮಾಲೀಕರಿಗೂ ಪೂರ್ತಿ ವರ್ಗವಾಗುತ್ತದೆಯೇ ಎಂದು ಮಾತ್ರ ಬರಹದಲ್ಲಿ ಓದಿ ಖಚಿತಪಡಿಸಿಕೊಳ್ಳಿ. ಮುಂದಿನ ಸಲ ನಾನು ಹಿಡಿಯುವ ದಾರಿ ಬಹುಶಃ ಇದೇ.

ಹೆಜ್ಜೆ 8: ಎಕ್ಸ್‌ಚೇಂಜ್ ಮಾತುಕತೆ

ಬದಲಿಸುವುದೆಂದು ತೀರ್ಮಾನಿಸಿದಿರಾ? ಹಾಗಾದರೆ ಮೂರು ಅಂಕಿಗಳನ್ನು ಬೇರೆ ಬೇರೆಯಾಗಿ, ಕಾಗದದ ಮೇಲೆ ಬರೆಸಿಕೊಳ್ಳಿ: ಎಕ್ಸ್‌ಚೇಂಜ್ ಇಲ್ಲದೆ ಹೊಸ ಕಾರಿನ ಬೆಲೆ, ಹಳೆಯ ಕಾರಿಗೆ ಕೊಡುವ ಬೆಲೆ, ಸಾಲದ ಬಡ್ಡಿ. ಮೂರನ್ನೂ ಒಂದೇ ಮಾತಿನಲ್ಲಿ ಕಲಸಿದರೆ, ಒಂದು ಕಡೆ ಕೊಟ್ಟ ಉಡುಗೊರೆಯನ್ನು ಇನ್ನೊಂದು ಕಡೆ ವಸೂಲು ಮಾಡಿರುವುದು ಕಾಣುವುದಿಲ್ಲ. ‘ಎಕ್ಸ್‌ಚೇಂಜ್ ಬೋನಸ್’ ಎಂದಾಗ, ಹಳೆಯ ಕಾರನ್ನು ಕೊಡದೆ ಬಂದರೆ ಎಷ್ಟು ರಿಯಾಯಿತಿ ಎಂದು ಕೇಳಿ. ಎಷ್ಟೋ ಸಲ ಎರಡೂ ಒಂದೇ ಇರುತ್ತದೆ.

ಬ್ಯಾಟರಿ ವರದಿಯನ್ನು ಮೇಜಿನ ಮೇಲಿಡಿ. ಕಾರು ನೋಡಲು ಬಂದವರು ಬಾಗಿಲಿನ ಗೀರು ಎಣಿಸುತ್ತಾರೆ, ಬ್ಯಾಟರಿ ಬಗ್ಗೆ ಗೊತ್ತಿಲ್ಲದಿದ್ದರೆ ಕೆಟ್ಟದ್ದನ್ನೇ ಊಹಿಸಿ ಬೆಲೆ ಕಟ್ಟುತ್ತಾರೆ. ಶೇ 89 ಎಂದು ಬರೆದ ಒಂದು ಹಾಳೆ ಆ ಊಹೆಯ ಬಾಯಿ ಮುಚ್ಚಿಸುತ್ತದೆ. ಯುರೋಪ್ ಒಕ್ಕೂಟದಲ್ಲಿ 2027ರ ಫೆಬ್ರುವರಿಯಿಂದ ಮಾರುಕಟ್ಟೆಗೆ ಬರುವ ಇವಿ ಬ್ಯಾಟರಿಗಳಿಗೆ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ. ಹಳೆಯ ಕಾರಿನವರು ತಮ್ಮ ಪಾಸ್‌ಪೋರ್ಟನ್ನು ತಾವೇ ಸಿದ್ಧಪಡಿಸಿಕೊಳ್ಳಬೇಕು. ನೇರವಾಗಿ ಬೇರೆಯವರಿಗೆ ಮಾರಿದರೆ ಸಾಮಾನ್ಯವಾಗಿ ಹೆಚ್ಚು ಬೆಲೆ ಬರುತ್ತದೆ, ತಲೆನೋವೂ ಹೆಚ್ಚು. ಕೆಲವು ಕಡೆ ಎಕ್ಸ್‌ಚೇಂಜಿಗೆ ತೆರಿಗೆಯ ಲಾಭವಿರುತ್ತದೆ; ಅದನ್ನೂ ಸೇರಿಸಿ ಹೋಲಿಸಿ.

ಹೆಜ್ಜೆ 9: ಕೀಲಿ ಕೊಡುವ ದಿನ

ಕಾರಿನ ನ್ಯಾವಿಗೇಷನ್‌ನಲ್ಲಿ ನಿಮ್ಮ ಮನೆಯ ವಿಳಾಸವಿದೆ, ಫೋನಿನ ಹೆಸರು ಸಂಖ್ಯೆಗಳಿವೆ, ಮನೆಯ ವೈಫೈ ಗುಟ್ಟುಪದವಿದೆ. ಎಲ್ಲವನ್ನೂ ಅಳಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಕೀಲಿ ಕೊಡುವ ಮೊದಲು ನೀವೇ ಒತ್ತಿ, ಅವರು ಮಾಡಿಕೊಳ್ಳುತ್ತಾರೆಂದು ಬಿಡಬೇಡಿ. ಪ್ಲಗ್ ಹಾಕಿದೊಡನೆ ತಾನಾಗಿ ಹಣ ಕಟ್ಟಿಕೊಳ್ಳುವ ಸೌಲಭ್ಯ ಬಳಸುತ್ತಿದ್ದರೆ ಅದನ್ನು ರದ್ದು ಮಾಡಿ. ಇಲ್ಲವಾದರೆ ಹೊಸ ಮಾಲೀಕರ ಪ್ರವಾಸದ ಬಿಲ್ಲು ನಿಮ್ಮ ಖಾತೆಗೆ ಬರುತ್ತದೆ. ಚಾರ್ಜಿಂಗ್ ಕೇಬಲ್ ಮತ್ತು ಅಡಾಪ್ಟರ್ ಕಾರಿನ ಜೊತೆ ಹೋಗುತ್ತವೆಯೇ ಎಂಬುದನ್ನು ಬೆಲೆ ಮಾತಾಡುವಾಗಲೇ ತೀರ್ಮಾನಿಸಿರಬೇಕು. ಹಣ ಕೊಟ್ಟು ಪಡೆದ ಸಾಫ್ಟ್‌ವೇರ್ ಸೌಲಭ್ಯಗಳು ಕಾರಿನ ಜೊತೆ ಹೋಗುತ್ತವೋ, ನಿಮ್ಮ ಖಾತೆಯಲ್ಲೇ ಉಳಿಯುತ್ತವೋ ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಕಡೆಗೆ ಮೊಬೈಲಿನ ಆ್ಯಪ್‌ನಿಂದ ಕಾರನ್ನು ತೆಗೆದುಹಾಕಿ, ಎರಡು ದಿನ ಬಿಟ್ಟು ಮತ್ತೊಮ್ಮೆ ತೆರೆದು ನೋಡಿ. ನಾನು ಇದನ್ನು ಮರೆತಿದ್ದೆ. ನನ್ನ ಮೊದಲ ಕಾರು ಎಲ್ಲಿ ನಿಂತಿದೆ, ಎಷ್ಟು ಚಾರ್ಜ್ ಉಳಿದಿದೆ ಎಂಬುದು ಮೂರು ವಾರ ನನ್ನ ಮೊಬೈಲಿಗೆ ಬರುತ್ತಲೇ ಇತ್ತು.